ಜೋಡಿ ಫೋಟೋಗಳಲ್ಲಿ ನಿಲ್ಲದ ಅವ್ವ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಹುಳಿ ವಾಸನೆ ಮೂಗಿಗೆ ಬಡಿಯಿತು. ಹಳೆಯ ನೆಗೆಟಿವ್‌ಗಳು ಈ ಗುಜರಾತಿನ ಸೆಕೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಹೀಗೇ ಹುಳಿಯುತ್ತವಂತೆ. ಅಹಮದಾಬಾದಿನ ಬೋಡಕ್‌ದೇವ್‌ನ ನಮ್ಮ ಫ್ಲ್ಯಾಟಿನ ತುಂಬ ಅದು ಹರಡಿ, ಮಗಳು ಮೂಗು ಹಿಡಿದುಕೊಂಡು ಕಿಟಕಿ ತೆರೆಯಹೋದಳು. ಬೇಡ, ಇರಲಿ ಎಂದೆ. ವಡೋದರಾದ ಮಂಜಲ್‌ಪುರದ ಅಪ್ಪನ ಮನೆಯಿಂದ ನಾನು ಜಗಳವಾಡಿ ಹೊತ್ತು ತಂದ ಫೋಟೋ ಡಬ್ಬಿ ಅದು, ಅದರ ವಾಸನೆಯನ್ನೂ ಯಾರಿಗೂ ಬಿಟ್ಟುಕೊಡುವ ಮನಸ್ಸಿರಲಿಲ್ಲ. ನಿಮ್ಮ ಮನೆಯ ಅಟ್ಟದ ಮೇಲೂ ಇಂಥದ್ದೊಂದು ಇದ್ದರೆ ನನ್ನ ಹಠ ನಿಮಗೆ ಅರ್ಥವಾದೀತು.

ಅಪ್ಪ ಧಾರವಾಡದವರು. ರಿಫೈನರಿಯ ಕೆಲಸಕ್ಕೆಂದು ವಡೋದರಾ ಹತ್ತಿರದ ಕೊಯಾಲಿಗೆ ಬಂದು, ಅಲ್ಲಿನ ಟೌನ್‌ಶಿಪ್ಪಿನ ಎರಡು ಕೋಣೆಯ ಕ್ವಾರ್ಟರ್ಸ್‌ನಲ್ಲಿ ನಮ್ಮನ್ನು ಬೆಳೆಸಿದರು. ಒಮ್ಮೆ ಅಹಮದಾಬಾದಿನ ನದಿ ದಂಡೆಯ ಭಾನುವಾರದ ಸಂತೆಯಲ್ಲಿ ಅವರಿಗೆ ಒಂದು ವಿಚಿತ್ರ ಸಾಮಾನು ಸಿಕ್ಕಿತು. ಮರದ ಹಿಡಿಕೆ, ಎರಡು ಗಾಜು, ಎದುರಿಗೆ ಚಿತ್ರ ಸಿಕ್ಕಿಸುವ ಒಂದು ಕಟ್ಟು. ಫೋಟೋ ಹುಟ್ಟಿದ ಸ್ವಲ್ಪ ಕಾಲಕ್ಕೇ ಈ ಜೋಡಿ ಫೋಟೋವೂ ಹುಟ್ಟಿತ್ತು, ಸಿನಿಮಾ ಇಲ್ಲದ ಕಾಲದಲ್ಲಿ ದೊಡ್ಡ ಮನೆಗಳ ಜನ ದಿವಾನಖಾನೆಯಲ್ಲಿ ಕೂತು ಇದನ್ನು ಕಣ್ಣಿಗೆ ಹಿಡಿದು ದೇಶ ಸುತ್ತುತ್ತಿದ್ದರು ಎಂದು ಅಪ್ಪ ನಮಗೆ ಹೇಳಿದರು. ನಮ್ಮ ಎರಡು ಕಣ್ಣು ಎರಡು ಜಾಗದಿಂದ ನೋಡುತ್ತವೆ, ಅದಕ್ಕೇ ಹತ್ತಿರ ಯಾವುದು ದೂರ ಯಾವುದು ತಿಳಿಯುತ್ತದೆ. ಹಾಗೆಯೇ ಎರಡು ಜಾಗದಿಂದ ತೆಗೆದ ಎರಡು ಚಿತ್ರವನ್ನು ಒಂದೊಂದು ಕಣ್ಣಿಗೆ ಒಂದೊಂದರಂತೆ ತೋರಿಸಿದರೆ ಕಾಗದದೊಳಗೆ ಮನೆಯೇ ತೆರೆದುಕೊಳ್ಳುತ್ತದೆ.

ಅದಕ್ಕೆಂದೇ ಎರಡು ಕಣ್ಣಿನ ಕ್ಯಾಮೆರಾ ಇರುತ್ತದಂತೆ. ನಮ್ಮಪ್ಪನ ಹತ್ತಿರ ಇದ್ದದ್ದು ಒಂಟಿ ಕಣ್ಣಿನದು. ಎಡಗಾಲಿನ ಮೇಲೆ ಭಾರ ಹಾಕಿ ಒಂದು ಫೋಟೋ ತೆಗೆಯುತ್ತಿದ್ದರು. ಆಮೇಲೆ ರೀಲು ತಿರುಗಿಸಿ, ಉಸಿರು ಬಿಗಿಹಿಡಿದು, ಮೈಯನ್ನು ಬಲಗಾಲಿಗೆ ವಾಲಿಸಿ ಇನ್ನೊಂದು. ಅಲ್ಲಿಯತನಕ ನಾನೂ ತಮ್ಮನೂ ರೆಪ್ಪೆ ಬಡಿಯದೆ ಕಂಬದಂತೆ ನಿಂತಿರಬೇಕು. ಪ್ರಿಂಟು ಬಂದ ಮೇಲೆ ಹಿಂದುಗಡೆ ಪೆನ್ಸಿಲಿನಲ್ಲಿ ಒಂದಕ್ಕೆ ‘ಎ’, ಒಂದಕ್ಕೆ ‘ಬ’ ಎಂದು ಬರೆಯುತ್ತಿದ್ದರು, ಎಡ ಮತ್ತು ಬಲ. ಪಕ್ಕದ ಮನೆಯ ಹಂಸಾಬೆನ್ ಹೇಗೂ ಎರಡೆರಡು ಇವೆಯಲ್ಲ, ನನಗೊಂದು ಕೊಡಿ ಎಂದು ಕೇಳಿದಾಗ ಅಪ್ಪ ಅವರನ್ನು ಕೂರಿಸಿ ಬಹಳ ಹೊತ್ತು ಪಾಠ ಮಾಡಿದರು. ಪಾಪ, ಆಕೆ ಮತ್ತೆಂದೂ ಫೋಟೋದ ಸುದ್ದಿ ಎತ್ತಲಿಲ್ಲ.

ನಿಲ್ಲದವಳು ಅವ್ವ ಒಬ್ಬಳೇ. ಮೊದಲ ಕ್ಲಿಕ್ಕಿಗೆ ಒಲೆಯ ಮುಂದೆ ಇದ್ದವಳು ಎರಡನೆಯದಕ್ಕೆ ಬಾಗಿಲಲ್ಲಿ ಇರುತ್ತಿದ್ದಳು. ಒಂದರಲ್ಲಿ ನಗು, ಇನ್ನೊಂದರಲ್ಲಿ ಬೆನ್ನು. ರೀಲಿಗೆ ಸುರಿದ ದುಡ್ಡು ನೆನೆದು ಅಪ್ಪ ಸಿಡಿಮಿಡಿಗೊಂಡರೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳುತ್ತಿದ್ದಳು: “ಹಾಲು ನಿಮ್ಮ ಫೋಟೋದ ದಾರಿ ಕಾಯತೈತೇನ್ರಿ? ನಿಂದ್ರಾಕ ನಾ ಏನು ಗ್ವಾಡ್ಯಾಗಿನ ಗೂಟ ಏನು?” ಹೀಗಾಗಿ ಆ ಜೋಡಿಗಳಲ್ಲಿ ಮೇಜು, ಕುರ್ಚಿ, ನೀರಿನ ಹಂಡೆ, ನಾವಿಬ್ಬರು ಎಲ್ಲರೂ ಮುಟ್ಟಿದರೆ ಸಿಗುವಷ್ಟು ಗಟ್ಟಿಯಾಗಿ ಎದ್ದು ನಿಲ್ಲುತ್ತೇವೆ. ಅವ್ವ ಮಾತ್ರ ಕೂಡಿಕೊಳ್ಳುವುದಿಲ್ಲ. ಒಂದು ಕಣ್ಣಿಗೆ ಕಂಡು ಇನ್ನೊಂದಕ್ಕೆ ಕಾಣದೆ, ಇದ್ದೂ ಇಲ್ಲದಂತೆ ಮಿನುಗುತ್ತಾಳೆ.

ಆ ಮರದ ಸಾಮಾನು ಒಂದು ದಿನ ತಮ್ಮನ ಕೈಯಿಂದ ಬಿದ್ದು ಗಾಜು ಒಡೆಯಿತು. ನಾನು ಬಿಡಲಿಲ್ಲ. ಎಡದ ಚಿತ್ರವನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಇಟ್ಟು, ಎರಡು ಕಣ್ಣನ್ನೂ ಮೂಗಿನ ಕಡೆ ತಿರುಗಿಸಿ ನೋಡುವುದನ್ನು ಕಲಿತೆ. ನಡುವೆ ಮೂರನೆಯದೊಂದು ಚಿತ್ರ ಮೂಡಿ, ಮೆಲ್ಲಗೆ ಆಳ ಬರುತ್ತಿತ್ತು. ಹುಡುಗಿಗೆ ಮೆಳ್ಳೆಗಣ್ಣು ಬಂದರೆ ಯಾರು ಮದುವೆಯಾಗುತ್ತಾರೆ ಎಂದು ಅವ್ವ ಬೈದಳು. ಬೈದಷ್ಟೂ ನಾನು ಅವಳತ್ತ ತಿರುಗಿ ಕಣ್ಣು ಮೆಳ್ಳೆ ಮಾಡುತ್ತಿದ್ದೆ. ಸಿಟ್ಟಿನಲ್ಲಿ ಶುರುವಾದ ಬೈಗುಳ ಅರ್ಧಕ್ಕೇ ನಗುವಾಗಿ ಹೋಗುತ್ತಿತ್ತು. ಕಣ್ಣಿಗೇನೂ ಆಗಲಿಲ್ಲ, ಮದುವೆಯೂ ಆಯಿತು. ಅದನ್ನು ನೋಡಲು ಅವಳಿರಲಿಲ್ಲ.

ಈಗ ಅಪ್ಪನೂ ಇಲ್ಲ. ಕೊಯಾಲಿಯ ಕ್ವಾರ್ಟರ್ಸ್‌ನಲ್ಲಿ ಬೇರೆ ಯಾರದೋ ಸಂಸಾರ. ನಿವೃತ್ತರಾದ ಮೇಲೆ ಅಪ್ಪ ಕೊಂಡ ಮಂಜಲ್‌ಪುರದ ಮನೆಯನ್ನೂ ಮಾರುವುದೆಂದಾಯಿತು. ಸೂರತ್‌ನಲ್ಲಿರುವ ತಮ್ಮ ನನಗಿಂತ ಮೊದಲೇ ಅಲ್ಲಿಗೆ ಹೋಗಿ ಎಲ್ಲ ಖಾಲಿ ಮಾಡತೊಡಗಿದ್ದ. ಫೋನಿನಲ್ಲಿ ಬಹಳ ಖುಷಿಯಿಂದ ಹೇಳಿದ, “ಅಕ್ಕಾ, ಅಪ್ಪನ ಫೋಟೋ ಎಲ್ಲಾ ಡಬಲ್ ಡಬಲ್ ಅದಾವ. ಒಂದೊಂದು ಸ್ಕ್ಯಾನ್ ಮಾಡಸ್ತೇನಿ, ಉಳಿದದ್ದು ಪಸ್ತಿವಾಲಾಗ ಕೊಡ್ತೇನಿ.” ಹಳೆ ಪೇಪರು ಕೊಳ್ಳುವವನಿಗೆ ನಮ್ಮ ಮನೆಯ ಅರ್ಧ! ಒಂದನ್ನೂ ಮುಟ್ಟಬೇಡ ಎಂದು ಕೂಗಿ, ಸಿಕ್ಕ ಬಸ್ಸು ಹತ್ತಿ ವಡೋದರಾಕ್ಕೆ ಓಡಿದೆ.

‘ಬ’ ಎಂದು ಬರೆದದ್ದೆಲ್ಲ ಆಗಲೇ ಚೀಲದಲ್ಲಿ ಕಟ್ಟಿ ಬಾಗಿಲ ಬಳಿ ಇತ್ತು. ನಾನು ಗಂಟು ಬಿಚ್ಚಿದೆ. ಅವನು ಮತ್ತೆ ಕಟ್ಟಹೋದ. ಇಡಲು ಜಾಗವೆಲ್ಲಿ, ನೋಡುವವರು ಯಾರು, ನಿನ್ನ ಮಗಳಿಗೆ ಕನ್ನಡವೇ ನೆಟ್ಟಗೆ ಬಾರದು, ಇವನ್ನು ತಗೊಂಡು ಅವಳೇನು ಮಾಡುತ್ತಾಳೆ ಎಂದ. ನೋಡಲು ಕನ್ನಡ ಯಾಕೆ ಬೇಕೋ, ಎರಡು ಕಣ್ಣು ಸಾಲದೇ ಎಂದೆ. ಖಾಲಿ ಕೋಣೆಯಲ್ಲಿ ನೆಲದ ಮೇಲೆ ಕೂರಿಸಿ ಅಡುಗೆಮನೆಯ ಒಂದು ಜೋಡಿಯನ್ನು ಅವನ ಮುಂದೆ ಇಟ್ಟೆ. ಕಣ್ಣು ತಿರುಗಿಸಲು ಅವನಿಗೆ ಬರಲಿಲ್ಲ. ನೋಯುತ್ತದೆ ಎಂದು ಉಜ್ಜಿಕೊಂಡ. ಮತ್ತೆ ಎರಡನ್ನೂ ಎರಡು ಕೈಯಲ್ಲಿ ಹಿಡಿದು, ಒಮ್ಮೆ ಇದನ್ನು ಒಮ್ಮೆ ಅದನ್ನು ನೋಡಿದ. ಅವ್ವ ಹೋದಾಗ ಅವನು ತೀರ ಸಣ್ಣವನು, ಅವಳ ನಡಿಗೆ ಕೂಡ ಅವನಿಗೆ ಸರಿಯಾಗಿ ನೆನಪಿಲ್ಲ.

“ಅಕ್ಕಾ, ಇದರಾಗ ಒಲಿ ಮುಂದ ಅದಾಳ,” ಎಂದ. “ಇದರಾಗ ಹೊಂಟಾಳ.”

ಆಮೇಲೆ ಚೀಲವನ್ನೂ ಉಳಿದವಿದ್ದ ಡಬ್ಬಿಯನ್ನೂ ನನ್ನ ಕಡೆ ಸರಿಸಿದ.

ಇಲ್ಲಿ ಬಂದ ಮೇಲೆ ಎಲ್ಲವನ್ನೂ ಮತ್ತೆ ಜೋಡಿ ಮಾಡುತ್ತಿದ್ದೇನೆ. ಗೋಡೆಗೆ ಹಾಕುವಂಥವಲ್ಲ, ಫೋನಿನಲ್ಲಿ ಕಳಿಸುವಂಥವೂ ಅಲ್ಲ. ಇರಲಿ. ಒಂದು ಕಪಾಟು ಖಾಲಿ ಮಾಡಿದ್ದೇನೆ, ಯಾರೇನು ಅಂದುಕೊಂಡರೂ ಅದು ಇವುಗಳದ್ದೇ. ಡಬ್ಬಿಯ ತಳದಲ್ಲಿ ಒಂದು ಜೋಡಿ ಬೇರೆಯಾಗಿ ಲಕೋಟೆಯಲ್ಲಿತ್ತು. ಅವ್ವ ಆಸ್ಪತ್ರೆಯಿಂದ ಕೊನೆಯ ಸಲ ಮನೆಗೆ ಬಂದಾಗಿನದು. ವರಾಂಡದ ಬಿಸಿಲಿನಲ್ಲಿ ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದಾಳೆ. ಎರಡರಲ್ಲೂ ಅದೇ ಮುಖ, ಅದೇ ಕೈ. ಇವನ್ನು ಕೂಡಿಸಿ ನೋಡಿದರೆ ಶಾಲಿನ ಒಂದೊಂದು ಮಡಿಕೆ, ಮುಂಗೈಯ ಒಂದೊಂದು ಎಲುಬು ಎದ್ದು ಕಾಣುತ್ತದೆ. ಅಪ್ಪ ಅಷ್ಟು ವರ್ಷ ಬೇಡಿದಂತೆಯೇ, ಎಲ್ಲೂ ಮಿನುಗದೆ, ಗಟ್ಟಿಯಾಗಿ. ಇದಾದ ಮೇಲೆ ಅಪ್ಪ ಜೋಡಿ ಫೋಟೋ ತೆಗೆಯಲೇ ಇಲ್ಲ.

ನಾನು ಒಂದೇ ಸಲ ನೋಡಿ ಲಕೋಟೆಗೆ ಹಾಕಿದೆ. ತಮ್ಮ ಕೇಳಿದರೆ ಇದನ್ನು ಬೇಕಾದರೆ ಕೊಟ್ಟುಬಿಡುತ್ತೇನೆ. ನಮ್ಮವ್ವ ಹಾಗೆ ನಿಲ್ಲುವವಳಲ್ಲ.