ನಾನು ಯಾರ ಕೋಂ?

ಸರ್ಕಾರದ ಲೆಕ್ಕದಲ್ಲಿ ನಾನು ನಮ್ಮಪ್ಪನ ಹೆಂಡತಿ. ನಗಬೇಡಿ, ಕುಣಿಗಲ್ ದಾರಿಯಲ್ಲಿರುವ ನಮ್ಮ ತೆಂಗಿನ ತೋಟದ ಪಹಣಿಯಲ್ಲಿ ಹಾಗೇ ಇತ್ತು: ‘ನಂಜುಂಡಯ್ಯ ಕೋಂ ಸಿದ್ದಪ್ಪ’. ಇಂಥವರ ಮಗ ಎನ್ನಲು ‘ಬಿನ್’, ಇಂಥವರ ಹೆಂಡತಿ ಎನ್ನಲು ‘ಕೋಂ’ ಎಂದು ಬರೆಯುವುದು ಕಂದಾಯದವರ ಪದ್ಧತಿ. ಬಿನ್ ಅರಬರ ನಾಡಿನಿಂದ ಬಂದದ್ದಂತೆ. ಕೋಂ ಎಲ್ಲಿಂದ ಬಂತೋ, ನಾನು ಕೇಳಿದ ಯಾವ ಪಂಡಿತರೂ ಹೇಳಲಿಲ್ಲ. ಬಂದದ್ದು ಬಂತು, ನನ್ನ ಹೆಸರಿನ ಪಕ್ಕದಲ್ಲೇ ಬಂದು ಕೂರಬೇಕಿತ್ತೇ!

ತೋಟ ನನ್ನ ಮತ್ತು ನನ್ನ ಹೆಂಡತಿ ಗಿರಿಜೆಯ ಜಂಟಿ ಹೆಸರಿನಲ್ಲಿದೆ. ಗುಬ್ಬಿಯ ವ್ಯಾಪಾರಿಗಳು ಹೇಳಿದ ರೇಟಿಗೆ ಕಾಯಿ ಕೊಟ್ಟು ಕೊಟ್ಟು ಅವಳಿಗೆ ಸಾಕಾಗಿತ್ತು. ಹತ್ತಿರದ ಸತ್ಯಮಂಗಲದಲ್ಲಿ ಕೊಬ್ಬರಿ ಎಣ್ಣೆಯ ಗಾಣ ಹಾಕಬೇಕೆಂದು ಶೆಡ್ಡು ನೋಡಿಟ್ಟಿದ್ದಳು. ಯುಗಾದಿವರೆಗೆ ಕಾಯುತ್ತೇನೆ ಎಂದಿದ್ದರು ಶೆಡ್ಡಿನವರು. ತೋಟದ ಮೇಲೆ ಸಾಲ ಕೊಡಲು ಬ್ಯಾಂಕಿನವರೂ ತಯಾರು, ಪಹಣಿಯೊಂದು ಸರಿಯಿದ್ದರೆ. ಆಸ್ತಿ ಬಂಡವಾಳವಾಗುವುದು ಹೇಗೆಂದು ಕಾಲೇಜಿನಲ್ಲಿ ಮೇಜು ಗುದ್ದಿ ಪಾಠ ಹೇಳಿದವನು ನಾನು. ನಮ್ಮದೇ ತೋಟ ಮಾತ್ರ ಏನೂ ಆಗದೆ ಗರಿ ಉದುರಿಸುತ್ತ ನಿಂತಿತ್ತು.

ಕಚೇರಿಗೆ ಅಲೆದೆ. ಅಲೆದೆ ಅನ್ನುವುದಕ್ಕಿಂತ ಅಲ್ಲೇ ಬೇರು ಬಿಟ್ಟೆ ಅನ್ನಬೇಕು.

“ಸಿಸ್ಟಂನಲ್ಲಿ ಹಂಗೇ ಬಂದ್ಬುಟ್ಟೈತೆ ಸಾರ್,” ಎಂದರು ಗುಮಾಸ್ತರು. “ನೀವು ಸಿದ್ದಪ್ಪನೋರ ಹೆಂಡ್ತಿ ಅಲ್ಲ ಅನ್ನೋಕೆ ದಾಖಲೆ ಏನಾದ್ರೂ ಐತಾ?”

ನಾನು ಮೀಸೆ ಸವರಿಕೊಂಡೆ.

“ಅದ್ನ ಅಟ್ಯಾಚ್ ಮಾಡಕ್ಕಾಗಲ್ಲ ಸಾರ್,” ಎಂದರು, ಪಾಪ, ನಿಜವಾಗಿಯೂ ನೊಂದುಕೊಂಡು. ಆ ಮನುಷ್ಯನ ಮೇಲೆ ಕೋಪವೂ ಬರಲಿಲ್ಲ. ಕೋಪಕ್ಕೂ ತ್ರಾಣ ಬೇಕಲ್ಲ, ನನಗೆ ಅಷ್ಟು ಸುಸ್ತಾಗಿತ್ತು.

ಅಂತೂ ಇಂತೂ ಯುಗಾದಿ ಹತ್ತಿರ ಬಂದಾಗ ತಿದ್ದುಪಡಿ ಆಯಿತು. ಹೊಸ ಪಹಣಿಯನ್ನು ತಂದು ಗೆದ್ದವನ ಹಾಗೆ ಗಿರಿಜೆಯ ಕೈಗಿತ್ತೆ. ‘ನಂಜುಂಡಯ್ಯ ಬಿನ್ ಸಿದ್ದಪ್ಪ’. ಅಬ್ಬಾ, ಗಂಡಸಾದೆ! ಅವಳ ಕಣ್ಣು ಕೆಳಗಿನ ಸಾಲಿಗೆ ಇಳಿದು ಅಲ್ಲೇ ನಿಂತಿತು. ತಿದ್ದಿದವರು ಧಾರಾಳವಾಗಿ ತಿದ್ದಿದ್ದರು. ನೆಟ್ಟಗಿದ್ದ ಅವಳ ಕೋಂ ಕೂಡ ಹೋಗಿ ‘ಗಿರಿಜಮ್ಮ ಬಿನ್ ನಂಜುಂಡಯ್ಯ’ ಆಗಿತ್ತು. ಕಟ್ಟಿಕೊಂಡ ಹೆಂಡತಿ ನನಗೀಗ ಮಗ.

ಕುರ್ಚಿಯಲ್ಲಿ ಕುಸಿದೆ. “ಬಿಡು ಗಿರಿಜಾ, ಇನ್ನು ನನ್ ಕೈಲಾಗಲ್ಲ. ಶೆಡ್ಡು ಬೇಡ ಅಂತ ಹೇಳ್ಬಿಡೋಣ.”

ಅವಳು ಒಳಗೆ ಹೋದಳು. ಸೀರೆ ಬದಲಾಯಿಸಿ ಬಂದು, ಪಹಣಿಯನ್ನು ಬ್ಯಾಗಿಗೆ ತುರುಕಿ, ಚಪ್ಪಲಿ ಮೆಟ್ಟಿದಳು.

“ಎಲ್ಲಿಗೆ?” ಎಂದೆ.

“ಆಫೀಸಿಗೆ. ಅಪ್ಪನ ಕೈಲಿ ಆಗ್ದಿದ್ಮೇಲೆ ಮಗ ತಾನೇ ಓಡಾಡ್ಬೇಕು? ಅನ್ನಕ್ಕಿಟ್ಟಿದೀನಿ, ಕುಕ್ಕರ್ ಕೂಗಿದ್ರೆ ಆರಿಸಿ, ಅಪ್ಪಾಜಿ.”