ಕೊನೆಯ ಅಧ್ಯಾಯ ಕಪಾಟಿನಲ್ಲಿದೆ

ಡಯಾಲಿಸಿಸ್ ವಾರ್ಡಿನಲ್ಲಿ ಅವಳ ಕೆಲಸ ನೆಲ ಒರೆಸುವುದು, ಹಾಸಿಗೆಯ ಬಟ್ಟೆ ಬದಲಿಸುವುದು, ರೋಗಿಗಳನ್ನು ತೂಕದ ಯಂತ್ರಕ್ಕೆ ಹತ್ತಿಸಿ ಇಳಿಸುವುದು. ಪುಸ್ತಕ ಓದಿಸು ಅಂತ ಯಾರೂ ಹೇಳಿರಲಿಲ್ಲ. ಓದಿಸಬೇಡ ಅಂದವರು ಮಾತ್ರ ಬೇಕಾದಷ್ಟು ಜನ. ಆದರೆ ಅವಳು ಕೇಳಬೇಕಲ್ಲ! ಇಪ್ಪತ್ತೆರಡು ವರ್ಷದ ಆಯಾ ಕೆಲಸದಲ್ಲಿ ಐದು ಮಂದಿ ಹೆಡ್ ಸಿಸ್ಟರುಗಳು ಬಂದು ಹೋಗಿದ್ದರು. ಐವರೂ ಅವಳ ಪುಸ್ತಕಗಳನ್ನು ಹೊರಗೆ ಹಾಕಿಸಲು ನೋಡಿದ್ದರು. ಐವರೂ ಸೋತಿದ್ದರು.

ವಾರ್ಡಿನಲ್ಲಿ ಎಲ್ಲರೂ ಅವಳನ್ನು ಕತ್ತರಿಯಕ್ಕ ಅನ್ನುತ್ತಿದ್ದರು. ಆ ಹೆಸರು ಬರಲು ಕಾರಣ ಒಂದು ಎಂಟುನೂರು ಪುಟದ ಕಾದಂಬರಿ. ನಿದ್ದೆಯನ್ನು ಮಾರುವ ವರ್ತಕರು, ನೆರಳು ಕಳೆದುಕೊಂಡ ರಾಜಕುಮಾರಿ, ಮಾತಾಡುವ ಸೇತುವೆ, ಹೀಗೆ ಏನೇನೋ ಇದ್ದ ಮಾಯಾಲೋಕದ ಕತೆ. ಮೂರನೇ ಹಾಸಿಗೆಯ ಬಸ್ ಕಂಡಕ್ಟರಿಗೆ ಅದನ್ನು ಯಾರೋ ಕೊಟ್ಟಿದ್ದರು. ಡಯಾಲಿಸಿಸ್ ಅಂದರೆ ನಾಲ್ಕು ಗಂಟೆ ಒಂದು ಕೈಯನ್ನು ಅಲ್ಲಾಡಿಸುವ ಹಾಗಿಲ್ಲ. ಅದರಲ್ಲಿ ಎರಡು ದಪ್ಪ ಸೂಜಿ, ಎರಡು ಕೊಳವೆ. ರಕ್ತವೆಲ್ಲ ಯಂತ್ರಕ್ಕೆ ಹೋಗಿ, ತೊಳೆಸಿಕೊಂಡು ವಾಪಸ್ ಬರಬೇಕು. ಇನ್ನೊಂದೇ ಕೈಯಲ್ಲಿ ಆ ಇಟ್ಟಿಗೆಯಂಥ ಪುಸ್ತಕ ಹಿಡಿದರೆ ಎಷ್ಟು ಹೊತ್ತು ನಿಂತೀತು? ಒಂದು ದಿನ ಜಾರಿ ಕೊಳವೆಯ ಮೇಲೆ ಬಿತ್ತು. ಯಂತ್ರ ಕಿರುಚಿಕೊಂಡಿತು. ಅಂದಿನ ಹೆಡ್ ಸಿಸ್ಟರ್ ಓಡಿ ಬಂದು, "ಮೊದ್ಲು ಈ ದರಿದ್ರಾನ ಕಸಕ್ಕೆ ಹಾಕು" ಅಂದರು.

ಅವಳು ಕಸಕ್ಕೆ ಹಾಕಲಿಲ್ಲ. ಮನೆಗೆ ಒಯ್ದು, ಬೆನ್ನಿನ ಹೊಲಿಗೆ ಕತ್ತರಿಸಿ ಒಂಬತ್ತು ಭಾಗ ಮಾಡಿದಳು. ಒಂದೊಂದಕ್ಕೂ ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ದಪ್ಪ ದಾರದಲ್ಲಿ ಹೊಲಿಯತೊಡಗಿದಳು. ಈಗ ಪುಸ್ತಕ ಒಂದು ಕೈಗೆ ಹಗುರ. ಕಂಡಕ್ಟರ್ ಮೊದಲ ಭಾಗ ಮುಗಿಸಿ ಎರಡನೆಯದು ಕೇಳಿದ. ಅದಿನ್ನೂ ಹೊಲಿದಾಗಿರಲಿಲ್ಲ. "ಗುರುವಾರ ಕೊಡ್ತೀನಿ ಕಣಪ್ಪ" ಅಂದಳು.

ಈ ಕಂಡಕ್ಟರ್ ಎಂಥವನೆಂದರೆ, ಡ್ಯೂಟಿ ಇದೆ, ನೆಂಟರು ಬಂದಿದ್ದಾರೆ ಅಂತ ನೆಪ ಹೇಳಿ ವಾರದ ಮೂರು ಸರದಿಯಲ್ಲಿ ಒಂದನ್ನು ತಪ್ಪಿಸುವ ಆಸಾಮಿ. ಕಾಲು ಊದಿಕೊಂಡು, ಉಸಿರು ಸಿಕ್ಕಿಕೊಂಡ ಮೇಲೆ ಅವನ ಹೆಂಡತಿ ಎಳೆದು ತರಬೇಕಿತ್ತು. ಅಂಥವನು ಆ ಗುರುವಾರ ಅರ್ಧ ಗಂಟೆ ಮುಂಚೆಯೇ ಬಂದು ಬಾಗಿಲಲ್ಲಿ ನಿಂತಿದ್ದ. ಓಹೋ, ಹೀಗೋ ಸಮಾಚಾರ ಅಂದುಕೊಂಡಳು ಅವಳು.

ಅಂದಿನಿಂದ ವಾರ್ಡಿಗೊಂದು ಕಾನೂನು ಬಂತು. ಪುಸ್ತಕ ಮನೆಗೆ ಹೋಗುವುದಿಲ್ಲ. ಪ್ರತಿ ಪುಸ್ತಕದ ಕೊನೆಯ ಅಧ್ಯಾಯವನ್ನು ಕತ್ತರಿಸಿ, ಹತ್ತಿ ಮತ್ತು ಸ್ಪಿರಿಟ್ ಇಡುವ ಕಪಾಟಿನಲ್ಲಿ ಬೀಗ ಹಾಕಿ ಇಡುವುದು. ಬೇಕಾದವರು ಮುಂದಿನ ಸರದಿಗೆ ಬರಬೇಕು, ತೂಕ ನೋಡಿಸಿಕೊಂಡು, ಸೂಜಿ ಹಾಕಿಸಿಕೊಂಡು, ಆಮೇಲೆ ಕೈ ಚಾಚಬೇಕು. ಅಳಲಿ, ಬೈಯಲಿ, ಮೊದಲು ಸೂಜಿ, ಆಮೇಲೆ ಕತೆಯ ಕೊಲೆಗಾರ.

ಪುಸ್ತಕಗಳನ್ನು ಅವಳು ಗುಜರಿ ಅಂಗಡಿಯಿಂದ ಹೆಕ್ಕಿ ತರುತ್ತಿದ್ದಳು. ಬಸ್ಸಿನಲ್ಲಿ ಕೂತು, ಕೂರಲು ಜಾಗ ಸಿಗದಿದ್ದರೆ ಕಂಬಕ್ಕೆ ಒರಗಿ, ಪ್ರತಿಯೊಂದನ್ನೂ ತಾನು ಮೊದಲು ಓದುತ್ತಿದ್ದಳು. ತಾನು ಓದದ ಪುಸ್ತಕವನ್ನು ಇನ್ನೊಬ್ಬರಿಗೆ ಓದಿ ಅನ್ನುವುದು ಅವಳ ಪ್ರಕಾರ ಶುದ್ಧ ಮೋಸ. ಆಮೇಲೆ ಆಳು ನೋಡಿ ಕೊಡುವಳು. ಯಂತ್ರದ ಮೇಲಿದ್ದಾಗ ಬಿಪಿ ಇಳಿಯುವವರಿಗೆ ಕೊಲೆ, ಏರುವವರಿಗೆ ಮಾಯಾಲೋಕ.

"ಇದನ್ನ ಹಿಡ್ಕೊಳ್ಳಿ ಟೈಲರಮ್ಮ. ನಲವತ್ತು ಪುಟ ಏನೂ ಆಗಲ್ಲ, ನನ್ನ ಬೈಕೋಬೇಡಿ. ನಲವತ್ತೊಂದನೇ ಪುಟದಲ್ಲಿ ಮದುವೆ ಹೆಣ್ಣೇ ಮಾಯ" ಅನ್ನುವಳು, ಎದುರು ಹಾಸಿಗೆಯ ಹೆಂಗಸಿಗೆ.

"ಅಯ್ಯೋ, ಹೇಳ್ಬೇಡ್ವೇ! ಹೋದ್ಸಲ ಕೊಟ್ಟಿದ್ಯಲ್ಲ, ಆ ಪತ್ತೇದಾರ ಜೇಬಿಲ್ಲದ ಕೋಟಿಂದ ಪಿಸ್ತೂಲು ಹೇಗೇ ತೆಗ್ದ? ಕೋಟು ಹೊಲಿದೋನೇ ಪೆದ್ದನೋ, ಕತೆ ಬರೆದೋನೇ ಪೆದ್ದನೋ?"

ಹೀಗೆ ನಡೆಯುತ್ತಿದ್ದ ವಾರ್ಡಿಗೆ ಆರನೇ ಹೆಡ್ ಸಿಸ್ಟರ್ ಬಂದರು. ಕೆಲಸದಲ್ಲಿ ಕಟ್ಟುನಿಟ್ಟು, ಸೂಜಿ ಹಾಕಿದರೆ ನೋವೇ ಆಗದಂಥ ಕೈ. ಕತ್ತರಿಯಕ್ಕನೇ ಅದನ್ನು ಒಪ್ಪುತ್ತಿದ್ದಳು. ಆದರೆ ಪುಸ್ತಕ ಕಂಡರೆ ಅವರಿಗೆ ಮೈಯೆಲ್ಲ ಉರಿ. "ಕಾಯಿಲೆಯವರಿಗೆ ಭಯ ಬೀಳಿಸ್ತೀಯಲ್ಲ, ಬಿಪಿ ಏರಿದ್ರೆ ಯಾರು ಜವಾಬ್ದಾರಿ?"

"ಅರ್ಧ ಗಂಟೆಗೊಂದ್ಸಲ ನೀವೇ ಬರೀತೀರಲ್ಲ ಸಿಸ್ಟರ್, ಆ ಚಾರ್ಟ್ ನೋಡಿ. ಏರಿರೋದು ಪುಸ್ತಕ ಓದಿದಾಗ ಅಲ್ಲ, ನೀವು ಬೈದಾಗ."

ಟೆಕ್ನಿಷಿಯನ್ ನಗು ತಡೆಯಲಾರದೆ ಯಂತ್ರದ ಹಿಂದೆ ಬಗ್ಗಿಕೊಂಡ. ಹೆಡ್ ಸಿಸ್ಟರ್ ಅಂದೇ ಅವಳಿಗೆ ಮೊದಲ ನೋಟಿಸ್ ಕೊಟ್ಟರು. ಅವಳು ಅದನ್ನು ಮಡಚಿ, ಒಂದು ಕೊಲೆಯ ಕಾದಂಬರಿಯಲ್ಲಿ ಪುಟದ ಗುರುತಿಗೆ ಇಟ್ಟುಕೊಂಡಳು.

ಅದೇ ತಿಂಗಳು ಕಿಟಕಿ ಪಕ್ಕದ ಹಾಸಿಗೆಗೆ ಮೇಷ್ಟ್ರು ಬಂದರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭಾಷೆ ಕಲಿಸಿದವರು. ಎರಡು ವರ್ಷದಿಂದ ಬೇರೆ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಂಡು, ಮಗಳ ಮನೆಗೆ ಹತ್ತಿರ ಅಂತ ಇಲ್ಲಿಗೆ ಬಂದಿದ್ದರು. ಮಂಗಳವಾರ, ಗುರುವಾರ, ಶನಿವಾರ ಅವರ ಸರದಿ. ಕತ್ತರಿಯಕ್ಕ ಪುಸ್ತಕ ಚಾಚಿದಾಗ ಸತ್ತ ಇಲಿಯ ಬಾಲ ಹಿಡಿದ ಹಾಗೆ ಎರಡು ಬೆರಳಲ್ಲಿ ಎತ್ತಿ ನೋಡಿದರು.

"ಕೊಲೆ, ಭೂತ, ಹಾರೋ ಕುದುರೆ! ಇದು ಸಾಹಿತ್ಯ ಅಲ್ಲಮ್ಮ, ಪೊಟ್ಟಣ ಕಟ್ಟೋ ಕಾಗದ."

"ಇರ್ಲಿ ಬಿಡಿ ಮೇಷ್ಟ್ರೇ. ಸಾಹಿತ್ಯ ಓದಿದ್ರೆ ನೀವು ನಿದ್ದೆ ಹೋಗ್ತೀರಿ, ಬಿಪಿ ನೆಲ ಕಚ್ಚುತ್ತೆ. ಎಚ್ಚರವಾಗಿರೋಕೆ ನಿಮಗೊಂದು ಕೊಲೆ ಬೇಕು."

ಅವಳು ಕೊಟ್ಟದ್ದು ದೀಪಸ್ತಂಭದ ಪುಸ್ತಕ. ಸಮುದ್ರದ ನಡುವೆ ಒಂದು ಬಂಡೆ, ಅದರ ಮೇಲೆ ದೀಪಸ್ತಂಭ. ಕಾವಲುಗಾರ ಒಳಗಿನಿಂದ ಚಿಲಕ ಹಾಕಿದ ಕೋಣೆಯಲ್ಲಿ ಸತ್ತು ಬಿದ್ದಿದ್ದಾನೆ. ಉಳಿದವರು ಅಡುಗೆಯವನು, ಒಬ್ಬ ಹೆಂಗಸು ಸೇರಿ ಐದು ಜನ. ದೋಣಿ ಬರಲು ನಾಲ್ಕು ದಿನ ಇದೆ. ಮೇಷ್ಟ್ರು ಜೇಬಿನಿಂದ ಕೆಂಪು ಪೆನ್ನು ತೆಗೆದು ಮೊದಲ ಭಾಗದ ಅಚ್ಚಿನ ತಪ್ಪುಗಳನ್ನೆಲ್ಲ ತಿದ್ದಿದರು. ಎರಡನೇ ಭಾಗದಲ್ಲಿ ಅಲ್ಲೊಂದು ಇಲ್ಲೊಂದು ಗೆರೆ. ಮೂರನೇ ಭಾಗ ವಾಪಸ್ ಬಂದಾಗ ಕತ್ತರಿಯಕ್ಕ ಪುಟ ಪುಟ ತಿರುವಿ ನೋಡಿದಳು, ಕೆಂಪು ಶಾಯಿಯ ಒಂದು ಚುಕ್ಕೆಯೂ ಇರಲಿಲ್ಲ. ಸಿಕ್ಕಿಬಿದ್ರು ಮೇಷ್ಟ್ರು ಅಂದುಕೊಂಡು, ಅಂದು ಇಡೀ ದಿನ ಹಿಗ್ಗಿನಲ್ಲೇ ನೆಲ ಒರೆಸಿದಳು.

ಆದರೆ ಮುಂದಿನ ಮಂಗಳವಾರ, ಕೊನೆಯದಕ್ಕಿಂತ ಹಿಂದಿನ ಭಾಗ ಮುಗಿಸಿದ ಮೇಷ್ಟ್ರು ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಅವಳನ್ನು ಹತ್ತಿರ ಕರೆದರು.

"ನೋಡಮ್ಮ, ಇವತ್ತಿಗೆ ಸಾಕು ನನಗೆ. ಡಾಕ್ಟರ ಹತ್ರ ಮಾತಾಡಿದ್ದೀನಿ, ಸಹಿ ಹಾಕಿದ್ದೀನಿ. ಗುರುವಾರದಿಂದ ಬರಲ್ಲ. ಆ ಕೊನೇ ಅಧ್ಯಾಯ ಕೊಟ್ಬಿಡು, ಮನೇಲಿ ಓದ್ಕೋತೀನಿ."

ಡಯಾಲಿಸಿಸ್ ನಿಲ್ಲಿಸಿದರೆ ಏನಾಗುತ್ತದೆ ಅಂತ ಆ ವಾರ್ಡಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಒಂದು ವಾರ, ಹೆಚ್ಚೆಂದರೆ ಎರಡು. ಕಂಡಕ್ಟರ್ ಓದುವುದು ನಿಲ್ಲಿಸಿದ. ಟೈಲರಮ್ಮ ಕಣ್ಣು ಮುಚ್ಚಿಕೊಂಡರು.

"ಕೊಡಲ್ಲ" ಅಂದಳು ಕತ್ತರಿಯಕ್ಕ.

"ಏನಂದೆ?"

"ಕೊಡಲ್ಲ ಅಂದೆ. ಗುರುವಾರ ಬನ್ನಿ, ಕೊಡ್ತೀನಿ."

ಪಕ್ಕದಲ್ಲಿದ್ದ ಮೇಷ್ಟ್ರ ಮಗಳು ಕತ್ತರಿಯಕ್ಕನ ಕೈ ಹಿಡಿದುಕೊಂಡಳು. "ಅಪ್ಪ ಮನಸ್ಸು ಗಟ್ಟಿ ಮಾಡ್ಕೊಂಡಿದ್ದಾರೆ ಅಕ್ಕ. ನಾನೆಷ್ಟು ಹೇಳಿದ್ರೂ ಕೇಳ್ತಿಲ್ಲ. ಅವರ ಆಸೆ ಅದೊಂದೇ. ಕೊಟ್ಬಿಡಿ." ಹೆಡ್ ಸಿಸ್ಟರ್ ಬಂದು, "ಕಪಾಟಿನ ಬೀಗದ ಕೈ ಇಲ್ಲಿ ಕೊಡು, ಇದು ನನ್ನ ಆರ್ಡರ್" ಅಂದರು. ಅವಳು ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೇಕಾದರೆ ಕಿತ್ತುಕೊಳ್ಳಿ ಎನ್ನುವ ಹಾಗೆ ನಿಂತಳು.

ಮೇಷ್ಟ್ರಿಗೆ ಕೋಪ ನೆತ್ತಿಗೇರಿತು. "ಇದು ನನ್ನ ಜೀವ ಕಣಮ್ಮ! ಇರೋದೋ ಬಿಡೋದೋ ನಾನು ತೀರ್ಮಾನ ಮಾಡ್ತೀನಿ. ನೀನ್ಯಾರು?"

"ನಿಮ್ದೇ ಮೇಷ್ಟ್ರೇ, ಯಾರು ಇಲ್ಲ ಅಂದ್ರು? ಜೀವ ನಿಮ್ದು, ಪುಟ ನಂದು. ನಿಮ್ಮದನ್ನ ನೀವೇನು ಬೇಕಾದ್ರೂ ಮಾಡ್ಕೊಳ್ಳಿ. ನನ್ನದನ್ನ ನಾನು ಕೊಡಲ್ಲ."

ನಾಲ್ಕು ಗಂಟೆ ಮುಗಿದ ಮೇಲೆ ಮೇಷ್ಟ್ರು ತೂಕವನ್ನೂ ನೋಡಿಸಿಕೊಳ್ಳದೆ, ಮಗಳ ಭುಜ ಹಿಡಿದು ಹೊರಟರು.

ಗುರುವಾರ ಅವರ ಹಾಸಿಗೆ ಖಾಲಿ. ಅವಳು ಬೆಳಗ್ಗೆ ಹಾಸಿದ ಬಟ್ಟೆ ಸಂಜೆಯವರೆಗೂ ಒಂದು ಸುಕ್ಕಿಲ್ಲದೆ ಹಾಗೇ ಇತ್ತು. ಅವಳ ಮನಸ್ಸು ಕೆಲಸದಲ್ಲಿ ನಿಲ್ಲಲಿಲ್ಲ. ಒಂದು ಬಕೆಟ್ ಚೆಲ್ಲಿದಳು, ಟೈಲರಮ್ಮನಿಗೆ ಎರಡು ಸಲ ಒಂದೇ ಭಾಗ ಕೊಟ್ಟಳು. ಮನೆಯಲ್ಲಿ ಗಂಡ, ಅವನು ಹಾಸ್ಟೆಲ್ಲಿನ ಅಡುಗೆಯವನು, ತಟ್ಟೆಗೆ ಬಡಿಸುತ್ತಾ ನೇರವಾಗಿಯೇ ಕೇಳಿದ.

"ಸಾಯೋಕೆ ಹೊರಟ ಮನುಷ್ಯನ್ನ ಹತ್ತು ಪುಟಕ್ಕೆ ಗೋಳು ಹುಯ್ಕೊಂಡ್ಯಲ್ಲೇ. ಅವರು ಕತೆ ಗೊತ್ತಾಗದೇ ಹೋಗ್ಬಿಟ್ರೆ?"

ಅವಳಿಗೆ ಊಟ ಸೇರಲಿಲ್ಲ. ಹೆದರಿಕೆ ಅವಳಿಗಿರಲಿಲ್ಲ ಅಂತಲ್ಲ. ತಾನು ಮಾಡಿದ್ದು ಹಟವೋ, ಸೊಕ್ಕೋ, ಪ್ರೀತಿಯೋ ಅವಳಿಗೇ ಬಿಡಿಸಿ ಹೇಳಲಾಗುತ್ತಿರಲಿಲ್ಲ. ಮೇಷ್ಟ್ರು ಹೇಳಿದ್ದು ಸರಿ, ಜೀವ ಅವರದ್ದು. ಅದು ಗೊತ್ತಿದ್ದೂ ಅವಳಿಗೆ ಸಿಟ್ಟು ಬರುತ್ತಿತ್ತು. ಎಂಥ ಮನುಷ್ಯ! ಐದು ಜನರಲ್ಲಿ ಯಾರು ಕೊಂದರು ಅಂತ ತಿಳಿಯುವ ಮೊದಲು ಎದ್ದು ಹೋಗುವುದುಂಟೇ?

ಶುಕ್ರವಾರ ಎರಡನೇ ನೋಟಿಸ್ ಬಂತು. ಸೋಮವಾರದೊಳಗೆ ಕಪಾಟು ಖಾಲಿಯಾಗಬೇಕು, ಇಲ್ಲದಿದ್ದರೆ ಅವಳನ್ನು ಬೇರೆ ವಾರ್ಡಿಗೆ ಹಾಕುವುದು. "ಹಾಕಿ ಸಿಸ್ಟರ್" ಅಂದಳು. "ಮೂಳೆ ವಾರ್ಡಿಗೆ ಹಾಕಿ. ಅಲ್ಲಿ ಕಾಲು ಮುರ್ಕೊಂಡು ಮೂರು ತಿಂಗಳು ಮಲಗಿರ್ತಾರೆ, ದೊಡ್ಡ ದೊಡ್ಡ ಪುಸ್ತಕಾನೇ ಓದಿಸ್ಬಹುದು." ಬಾಯಿ ಹಾಗಂದರೂ, ಮನಸ್ಸಿನಲ್ಲಿ ಅವಳೊಂದು ತೀರ್ಮಾನಕ್ಕೆ ಬಂದಿದ್ದಳು. ಶನಿವಾರವೂ ಮೇಷ್ಟ್ರು ಬಾರದಿದ್ದರೆ ತಾನೇ ಪುಟ ತೆಗೆದುಕೊಂಡು ಅವರ ಮನೆಗೆ ಹೋಗುವುದು, ಪಕ್ಕದಲ್ಲಿ ಕೂತು ಓದಿ ಹೇಳುವುದು. ಇಪ್ಪತ್ತೆರಡು ವರ್ಷದಲ್ಲಿ ಅವಳು ತನ್ನ ಕಾನೂನು ಮುರಿಯಲು ಹೊರಟದ್ದು ಅದೇ ಮೊದಲು.

ಶನಿವಾರ ಕೆಲಸಕ್ಕೆ ಬಂದ ತಕ್ಷಣ ಕಪಾಟು ತೆಗೆದು, ಆ ಹತ್ತು ಪುಟವನ್ನು ಚೀಲದಲ್ಲಿಟ್ಟುಕೊಂಡಳು. ಹನ್ನೊಂದು ಗಂಟೆಗೆ ಬಾಗಿಲು ತೆರೆದುಕೊಂಡಿತು. ಮಗಳು ಗಾಲಿಕುರ್ಚಿ ತಳ್ಳುತ್ತಿದ್ದಳು. ಕುರ್ಚಿಯಲ್ಲಿ ಮೇಷ್ಟ್ರು. ಮುಖ ಊದಿ ಕಣ್ಣು ಸಣ್ಣದಾಗಿತ್ತು, ಕಾಲು ಚಪ್ಪಲಿಗೆ ಹಿಡಿಸದೆ ಬರಿಗಾಲಲ್ಲಿ ಬಂದಿದ್ದರು. ಎರಡು ಮಾತಿಗೊಮ್ಮೆ ಬಾಯಲ್ಲಿ ಉಸಿರೆಳೆದುಕೊಳ್ಳುತ್ತಿದ್ದರು. ತೊಡೆಯ ಮೇಲೊಂದು ಉದ್ದದ ನೋಟ್ ಪುಸ್ತಕ.

ತೂಕದ ಯಂತ್ರದ ಮೇಲೆ ಹತ್ತಿಸಿದಳು. ಐದು ಕಿಲೋ ಜಾಸ್ತಿ. ಐದು ಕಿಲೋ ಅಂದರೆ ಐದು ಲೀಟರ್ ನೀರು ಮೈಯೊಳಗೆ. ಹೆಡ್ ಸಿಸ್ಟರ್ ಓಡಿ ಯಂತ್ರ ಸಿದ್ಧ ಮಾಡಿಸಿದರು.

ಕತ್ತರಿಯಕ್ಕನಿಗೆ ಇನ್ನು ತಡೆಯಲಾಗಲಿಲ್ಲ. ಸೂಜಿಗೆ ಮೊದಲೇ ಚೀಲದಿಂದ ಪುಟಗಳನ್ನು ತೆಗೆದು ಅವರ ಮುಂದೆ ಹಿಡಿದಳು. ಕಣ್ಣು ತುಂಬಿ ಬಂದಿತ್ತು.

"ತಗೊಳ್ಳಿ ಮೇಷ್ಟ್ರೇ, ನಾನೇ ಸೋತೆ. ತಪ್ಪಾಯ್ತು. ಓದ್ಕೊಂಡು ಆಮೇಲೆ ಏನು ಬೇಕೋ ಮಾಡಿ."

ಮೇಷ್ಟ್ರು ಪುಟಗಳ ಕಡೆ ಕಣ್ಣೂ ಹಾಯಿಸಲಿಲ್ಲ. ನೋಟ್ ಪುಸ್ತಕವನ್ನು ತೆರೆದು ತೋರಿಸಿದರು. ಕೆಂಪು ಶಾಯಿಯಲ್ಲಿ ಹದಿನಾಲ್ಕು ಪುಟ, ಮೊದಲೆಲ್ಲ ಮುತ್ತು ಪೋಣಿಸಿದ ಅಕ್ಷರ. ಕೊನೆಯೆರಡು ಪುಟದಲ್ಲಿ ಸಾಲುಗಳು ಕೆಳಕ್ಕೆ ಜಾರಿದ್ದವು. ಒಂದು ವಾಕ್ಯ ಅರ್ಧಕ್ಕೇ ನಿಂತಿತ್ತು.

"ನಿನ್ನ ಪುಟ ಯಾರಿಗೆ ಬೇಕಿತ್ತು?" ಅಂದರು, ಉಸಿರು ಹಿಡಿದು ಹಿಡಿದು. "ಮಂಗಳವಾರ ಸಂಜೆಯಿಂದ ನಾನೇ ಬರೆಯೋಕೆ ಕೂತೆ. ಆ ಲೇಖಕನಿಗಿಂತ ಚೆನ್ನಾಗೇ ಬರೀತಿದ್ದೀನಿ. ನಿನ್ನೆ ಮಧ್ಯಾಹ್ನದಿಂದ ಆಗ್ಲಿಲ್ಲ. ಕೂತ್ರೆ ಉಸಿರಿಲ್ಲ, ಬೆರಳು ಪೆನ್ನು ಹಿಡೀತಿಲ್ಲ. ಇನ್ನೂ ಚಿಲಕದ ವಿಷ್ಯ ಬಿಡಿಸ್ಬೇಕು, ಆ ಹೆಂಗಸಿನ ಸುಳ್ಳು ಬಯಲಾಗ್ಬೇಕು. ಅರ್ಧ ಬರೆದು ಬಿಟ್ಟು ಹೋಗೋ ಜಾತಿ ಅಲ್ಲ ನಾನು."

ಕಂಡಕ್ಟರ್ ಮೂರನೇ ಹಾಸಿಗೆಯಿಂದ ಕತ್ತು ಚಾಚಿ, "ಮೇಷ್ಟ್ರೇ, ಕೊಂದೋನು ಅಡುಗೆಯವನೇ ತಾನೇ?" ಅಂದ.

"ಬಾಯ್ಮುಚ್ಕೊಂಡಿರೋ" ಅಂದರು ಹೆಡ್ ಸಿಸ್ಟರ್. ಅವರು ಅಷ್ಟರಲ್ಲಿ ಮೇಷ್ಟ್ರ ಭುಜದ ಮೇಲಿಂದ ಬಗ್ಗಿ ಮೊದಲ ಪುಟದ ಅರ್ಧ ಓದಿ ಆಗಿತ್ತು.

ಕತ್ತರಿಯಕ್ಕನ ಕೈ ಇನ್ನೂ ಚಾಚಿಯೇ ಇತ್ತು. ಮೇಷ್ಟ್ರು ಅವಳ ಬೆರಳುಗಳನ್ನು ಆ ಹತ್ತು ಪುಟದ ಮೇಲೆ ಮಡಚಿ, ಹಿಂದಕ್ಕೆ ತಳ್ಳಿದರು.

"ಇಟ್ಕೊಳ್ಳಮ್ಮ ನಿಂದು ನೀನು. ನನ್ನ ಕತೇಲಿ ಕೊಂದೋರು ಬೇರೆ."

ಆಮೇಲೆ ಎಡಗೈಯ ತೋಳು ಮೇಲಕ್ಕೆ ಸರಿಸಿ, ಟೆಕ್ನಿಷಿಯನ್ ಕಡೆಗೆ ಚಾಚಿದರು. "ಬೇಗ ಹಾಕಪ್ಪ" ಅಂದರು. "ಬಲಗೈ ನನಗೆ ಬೇಕು."