ಭತ್ತ ಕೆಡಿಸಿದವಳ ಅಧ್ಯಾಯ

ಯುದ್ಧಕಾಲದ ಕಾದಂಬರಿ ಬರೆಯುತ್ತೇನೆ ಎಂದರೆ ಮೂಡಿಗೆರೆಯಲ್ಲಿ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕೈಯಲ್ಲಿರುವ ತರಕಾರಿ ಚೀಲ ನೋಡುತ್ತಾರೆ. "ನಮ್ಮ ಕಡೆ ಎಲ್ಲಿ ಯುದ್ಧ ಆಗಿತ್ತು ಮಾರಾಯ್ರೆ?" ಎಂದು ಔಷಧಿ ಅಂಗಡಿಯವರು ಒಮ್ಮೆ ಕೇಳಿದ್ದರು. ಕೆಮ್ಮಿನ ಸಿರಪ್ಪು ಕೊಡುತ್ತಲೇ ಕೇಳಿದ್ದು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಬಾಂಬು ಬಿದ್ದಿಲ್ಲ, ಸೈನ್ಯ ಬಂದಿಲ್ಲ. ಆದರೆ ಎರಡನೇ ಮಹಾಯುದ್ಧ ನಮ್ಮ ಬೆಟ್ಟಗಳಿಗೂ ಬಂದಿತ್ತು, ಖಾಲಿ ಗೋಣಿಚೀಲ ಹಿಡಿದುಕೊಂಡು. ಮನೆಮನೆಯ ಕಣಜ ಅಳೆದು, ಇಷ್ಟು ಭತ್ತ ನಿಮಗೆ ಸಾಕು, ಉಳಿದದ್ದು ಸರ್ಕಾರಕ್ಕೆ ಎಂದು ಹೊತ್ತುಕೊಂಡು ಹೋಗುತ್ತಿದ್ದರು. ಅದಕ್ಕೆ ಲೆವಿ ಎಂದು ಹೆಸರು. ಈಗಲೂ ಹಳಬರು ಆ ಮಾತನ್ನು ಒಂದು ಕಾಯಿಲೆಯ ಹೆಸರಿನ ಹಾಗೆ ಹೇಳುತ್ತಾರೆ.

ನಾನು ಬರೆಯುವುದು ಊಟದ ಮೇಜಿನ ಮೇಲೆ. ಬೆಳಿಗ್ಗೆ ಮನೆಯವರು ಎಸ್ಟೇಟಿಗೆ ಹೊರಟ ಮೇಲೆ ಎಣ್ಣೆಬಟ್ಟೆ ಒರೆಸಿ, ಉಪ್ಪಿನಕಾಯಿ ಭರಣಿ ಒಂದು ಬದಿಗೆ ಸರಿಸಿ ಕೂತರೆ ಅನ್ನಕ್ಕಿಡುವ ಹೊತ್ತಿನವರೆಗೆ ಆಗುತ್ತದೆ. ಗುರುವಾರ ಮಾತ್ರ ಬರೆಯುವುದಿಲ್ಲ. ಅವತ್ತು ಬಸ್ಸು ಹತ್ತಿ ಜಾವಳಿಗೆ ಹೋಗುತ್ತೇನೆ. ಅಲ್ಲಿ ಒಬ್ಬ ಅಜ್ಜಿ ಇದ್ದಾರೆ. ಎಂಬತ್ತೇಳು ವರ್ಷ ಎಂದು ಸೊಸೆ ಹೇಳುತ್ತಾರೆ, ಅಜ್ಜಿ ಒಪ್ಪುವುದಿಲ್ಲ. "ಬರೆದಿಟ್ಟವರು ಯಾರೆ? ಅವ್ಳಿಗೆ ನನ್ನ ಬೇಗ ಕಳಿಸೋ ಆಸೆ" ಎನ್ನುತ್ತಾರೆ. ಸೊಸೆಗೂ ಅರವತ್ತು ದಾಟಿದೆ. ಇಬ್ಬರೂ ಒಬ್ಬರ ಮೇಲೊಬ್ಬರು ದೂರು ಹೇಳಿಕೊಂಡು ಒಂದೇ ತಟ್ಟೆಯಲ್ಲಿ ಮೆಣಸಿನ ಕಾಳು ಬಿಡಿಸುತ್ತಾ ಕೂತಿರುತ್ತಾರೆ.

ಲೆವಿಯ ಕಾಲದಲ್ಲಿ ಅಜ್ಜಿಗೆ ಆರೇಳು ವರ್ಷ. ಸುಗ್ಗಿ ಮುಗಿದಾಗ ಒಂದು ಸಲ ಬಂದು ಅಳೆದುಕೊಂಡು ಹೋದವರು, ಮಳೆ ಹಿಡಿಯುವ ಮುಂಚೆ ಬಚ್ಚಿಟ್ಟದ್ದನ್ನು ಹುಡುಕಲು ಎರಡನೇ ಸಲ ಬರುತ್ತಾರೆಂದು ಸುದ್ದಿಯಾಯಿತು. ಊರಿನವರು ಹುಲ್ಲುಗೊಣಬೆಯಲ್ಲಿ, ಗೊಬ್ಬರಗುಂಡಿಯಲ್ಲಿ ಅಡಗಿಸಿದರು. ಅದೆಲ್ಲ ಸಿಕ್ಕಿಬಿತ್ತು. ಅಜ್ಜಿಯ ಅವ್ವ ಅಡಗಿಸಲಿಲ್ಲ. ಇದ್ದ ಭತ್ತವನ್ನೆಲ್ಲ ಹಂಡೆಗಳಿಗೆ ಸುರಿದು ನೀರು ಹಾಕಿದಳು. ಒಂದು ಹಗಲು ಒಂದು ರಾತ್ರಿ ನೆನೆಸಿ, ಬಸಿದು, ಗೋಣಿಗೆ ಕಟ್ಟಿ, ಮೇಲೆ ಕಲ್ಲು ಹೇರಿದಳು. ಅಧಿಕಾರಿ ಬಂದು ಗೋಣಿ ಬಿಚ್ಚಿಸಿದಾಗ ಭತ್ತಕ್ಕೆಲ್ಲ ಮೊಳಕೆ ಬಂದಿತ್ತು, ಬಿತ್ತನೆಗೆ ಕಟ್ಟಿದ್ದು ಎಂದಳು. ಮೊಳಕೆ ಬಂದ ಭತ್ತವನ್ನು ಸರ್ಕಾರ ಏನು ಮಾಡುತ್ತದೆ? ದಾರಿಯಲ್ಲೇ ಕೊಳೆಯುತ್ತದೆ.

"ಇಷ್ಟು ಬಿತ್ತನೆ ಎಂತಕ್ಕೆ? ನಿಮ್ಮ ಗದ್ದೆ ಎಷ್ಟು ಅಂತ ನನಗೆ ಗೊತ್ತಿಲ್ವಾ?" ಎಂದು ಆತ ಕೇಳಿದನಂತೆ.

"ಹೋದ ವರ್ಷ ಹಂದಿ ನುಗ್ಗಿ ಎರಡೆರಡು ಸಲ ಬಿತ್ತಿದ್ವು ಸಾಹೇಬ್ರೆ. ಈ ವರ್ಷ ಹಂದಿಗೆ ಬರಬೇಡ ಅಂತ ನೀವೇ ಒಂದು ಕಾಗದ ಬರ್ಕೊಡಿ" ಎಂದಳಂತೆ ಆ ಹೆಂಗಸು.

ಇದನ್ನು ಮೊದಲ ಸಲ ಕೇಳಿದ ದಿನ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದಿದ್ದೆ. ಮನೆಗೆ ಬಂದವಳು ಮಾಡಿದ ಕೆಲಸಕ್ಕೆ ಈಗ ನಾಚಿಕೆಯಾಗುತ್ತದೆ. ನನ್ನ ಕಾದಂಬರಿಯಲ್ಲಿ ಜೈಲಿನಿಂದ ಬಿಡುಗಡೆಯಾಗಿ ಬಂದ ಒಬ್ಬ ಯುವಕನಿದ್ದ. ಖಾದಿ ಉಡುತ್ತಿದ್ದ, ಎತ್ತರವಾಗಿದ್ದ, ಅರ್ಧ ಪುಸ್ತಕದವರೆಗೆ ಅವನಿಗೆ ಮಾಡಲು ಕೆಲಸವೇ ಇರಲಿಲ್ಲ. ಭತ್ತ ನೆನೆಸುವ ಉಪಾಯವನ್ನು ಅವನ ಕೈಗೆ ಕೊಟ್ಟುಬಿಟ್ಟೆ. ಹೆಂಗಸರು ನೀರು ಹೊತ್ತರು, ಅವನು ಯೋಚನೆ ಮಾಡಿದ. ಚೆನ್ನಾಗಿಯೇ ಬಂದಿದೆ ಅನ್ನಿಸಿ ಆ ಕರಡನ್ನು ಪ್ರಕಾಶಕರಿಗೂ ಕಳಿಸಿಬಿಟ್ಟಿದ್ದೆ.

ಮುಂದಿನ ಗುರುವಾರ ಅದನ್ನು ಅಜ್ಜಿಗೆ ಓದಿ ಹೇಳಿದೆ. ಕಥೆ ಹಂಡೆಯ ಹತ್ತಿರ ಬಂದಾಗ ಅಜ್ಜಿ ಕೈಯೆತ್ತಿದರು.

"ನಿಲ್ಸು. ಇವ ಯಾರು?"

"ಕಥೆಯಲ್ಲಿ ಬರೋನು ಅಜ್ಜಿ. ಜೈಲಿಗೆ ಹೋಗಿ ಬಂದವನು."

"ನಮ್ಮನೆ ಹಂಡೆ ಹತ್ರ ಅವ್ನಿಗೆಂತ ಕೆಲಸ? ಯಾರ ಮನೆ ಮಗ ಅವ?"

ಸೊಸೆ ನಗು ತಡೆಯಲು ಹೋಗಿ ಮೆಣಸಿನ ತಟ್ಟೆಯನ್ನೇ ಮಗುಚಿದರು. ಕಾಲ್ಪನಿಕ ಪಾತ್ರ ಎಂದು ನಾನು ಎರಡು ಮೂರು ವಾಕ್ಯ ವಿವರಿಸಿದೆ. ಅಜ್ಜಿ ಕೇಳಿಸಿಕೊಂಡರು.

"ಆಯ್ತು ಮಾರಾಯ್ತಿ. ಎಷ್ಟು ಹೊತ್ತಿಗೆ ಬಿಚ್ಚಬೇಕು ಅಂತ ಅವ್ನಿಗೆ ಹೇಳಿಕೊಟ್ಟವರು ಯಾರು? ಗಂಡಸರಿಗೆ ಗೊತ್ತಿರೋದು ಬಿತ್ತನೆ ಮೊಳಕೆ. ಬೇರು ಬಿಟ್ರೂ ಅವ್ರಿಗೆ ನಡೀತದೆ, ಕೆಸರಿಗೆ ಎಸೆಯೋದೇ ಅಲ್ದಾ. ನಮ್ಮವ್ವ ಕಟ್ಟಿದ್ದು ಊಟದ ಮೊಳಕೆ. ತುದಿ ಬೆಳ್ಳಗೆ ಕಣ್ಣು ಬಿಟ್ಟದ್ದೇ ಬಿಚ್ಚಿ ಒಣಗಿಸಬೇಕು, ಆಗ ಕುಟ್ಟಿದ್ರೆ ಗಂಜಿಗಾಗ್ತದೆ. ಒಂದು ದಿವಸ ತಡ ಆದ್ರೆ ದನಕ್ಕೇ ಗತಿ. ಅವ ಕಟ್ಟಿದ್ರೆ ನಾವೆಲ್ಲ ಸತ್ತೇ ಹೋಗ್ತಿದ್ವು."

ಊಟದ ಮೊಳಕೆ ಎಂಬ ಮಾತು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಮನೆಗೆ ಹೋಗಿ ನಾನೇ ಮಾಡಿ ನೋಡಬೇಕು ಎಂದು ಅಜ್ಜಿ ಸೊಸೆಯಿಂದ ಎರಡು ಸೇರು ಭತ್ತ ಕೊಡಿಸಿದರು.

ಮೊದಲ ಸಲ ಕೆಟ್ಟಿತು. ನೀರು ಸರಿಯಾಗಿ ಬಸಿದಿರಲಿಲ್ಲ. ಮೂರನೇ ದಿನ ಅಡುಗೆಮನೆಗೆ ಬಂದ ಮನೆಯವರು ಮೂಗು ಮುಚ್ಚಿಕೊಂಡು, "ಎಂತದೇ ಇದು, ಕಾದಂಬರಿ ಸತ್ತುಹೋಯ್ತಾ?" ಎಂದರು. ಎರಡನೇ ಸಲ ಸೌದೆ ಒಲೆಯ ಬದಿಯಲ್ಲಿ ಬೆಚ್ಚಗೆ ಇಟ್ಟು, ಗಂಟೆಗೊಮ್ಮೆ ಗೋಣಿಯೊಳಗೆ ಕೈ ಹಾಕಿ ನೋಡುತ್ತಿದ್ದೆ. ಒಳಗೆ ಮೈಬಿಸಿಯಷ್ಟು ಕಾವು. ಮಧ್ಯಾಹ್ನ ಊಟಕ್ಕೆ ಮುಂಚೆ ಇರಲಿಲ್ಲ, ಕಾಫಿ ಹೊತ್ತಿಗೆ ಬೆಳ್ಳಗೆ ಸಾಸಿವೆಯಷ್ಟು ತುದಿ ಕಂಡಿತು. ಬಿಚ್ಚಿ, ಒಣಗಿಸಿ, ಹುರಿದು ಕುಟ್ಟಿದೆ. ಇಡೀ ಅಕ್ಕಿ ಒಂದು ಕಾಳೂ ಬರಲಿಲ್ಲ, ಎಲ್ಲ ನುಚ್ಚು. ಗಂಜಿ ಮಾಡಿದರೆ ಸ್ವಲ್ಪ ಸಿಹಿ, ಸ್ವಲ್ಪ ಹೊಟ್ಟಿನ ವಾಸನೆ. ಮನೆಯವರು ಒಂದು ಬಟ್ಟಲು ಕುಡಿದು ಇನ್ನೊಂದು ಬಟ್ಟಲು ಹಾಕಿಸಿಕೊಂಡರು.

ಆ ಗಂಜಿ ಕುಡಿಯುತ್ತಾ ನನಗೆ ಹೊಳೆದದ್ದು ಇಷ್ಟು: ಅಧಿಕಾರಿ ಬಾಗಿಲಿಗೆ ಬಂದ ಮೇಲೆ ಮಾಡುವ ಕೆಲಸವಲ್ಲ ಇದು. ಮೂರು ದಿನ ಮುಂಚೆಯೇ ನೀರು ಹಾಕಬೇಕು. ಆತ ಬಾರದೇ ಹೋದರೆ ವರ್ಷದ ಅನ್ನವನ್ನು ತಾನೇ ಕೈಯಾರೆ ಹಾಳುಮಾಡಿದ ಹಾಗೆ. ಅದು ಗೊತ್ತಿದ್ದೂ ಆ ಹೆಂಗಸು ಕೊಡ ಬಗ್ಗಿಸಿದಳು. ನನ್ನ ಖಾದಿಯ ಯುವಕ ಇಡೀ ಪುಸ್ತಕದಲ್ಲಿ ಅಂಥದ್ದೊಂದು ಕೆಲಸ ಮಾಡಿರಲಿಲ್ಲ.

ಅಧ್ಯಾಯ ಹರಿದುಹಾಕಿ ಮತ್ತೆ ಬರೆದೆ. ಬರೆಯುವಾಗ ಉಳಿದ ಕಥೆಯೂ ಅಜ್ಜಿಯಿಂದ ಹೊರಬಂತು. ಭತ್ತ ಉಳಿದರೂ ಆ ಹೆಂಗಸಿಗೆ ಹೊಗಳಿಕೆ ಸಿಗಲಿಲ್ಲ. ಹಬ್ಬಕ್ಕೆ ಎಡೆಯಿಡಲು ಒಂದು ಹಿಡಿ ಇಡೀ ಅಕ್ಕಿ ಇಲ್ಲ ಎಂದು ಅತ್ತೆ ಎದೆ ಬಡಿದುಕೊಂಡರು. "ಭತ್ತ ಕೆಡಿಸಿದವಳು" ಎಂದು ಹೆಸರಿಟ್ಟರು. ಅದೇ ಮಳೆಗಾಲದಲ್ಲಿ ಕಣಜ ಖಾಲಿಯಾದ ಮನೆಗಳವರು ಒಬ್ಬೊಬ್ಬರಾಗಿ ಪಾತ್ರೆ ಹಿಡಿದು ಬಂದು ನುಚ್ಚು ಒಯ್ದರು. ಒಯ್ದವರೂ ಅದೇ ಹೆಸರಿನಿಂದ ಕರೆದರು. ಅಜ್ಜಿ ಅದೇ ಊರಿನಲ್ಲಿ ಮದುವೆಯಾದವರು. ಇವತ್ತಿಗೂ ಯಾರಾದರೂ ಅವರನ್ನು ಗುರುತಿಸುವುದು ಭತ್ತ ಕೆಡಿಸಿದವಳ ಮಗಳು ಎಂದೇ.

"ಹಾಗಾದ್ರೆ ಭತ್ತ ಉಳಿಸಿದವಳು ಅಂತ ಅಧ್ಯಾಯಕ್ಕೆ ಹೆಸರಿಡ್ತೀನಿ ಅಜ್ಜಿ" ಎಂದೆ.

"ಬ್ಯಾಡ. ಕೆಡಿಸಿದ್ದು ಹೌದಲ್ಲ? ಕೆಡಿಸಿದವಳು ಅಂತಲೇ ಹಾಕು. ಯಾಕೆ ಕೆಡಿಸಿದ್ಲು ಅಂತ ಕೆಳಗೆ ಬರಿ. ಅಚ್ಚಾಗಿ ಬರ್ಲಿ. ನಾನಿರೋದ್ರೊಳಗೆ ಬಂದ್ರೆ ಒಂದು ಸಲ ಮುಟ್ಟಿ ನೋಡ್ತೀನಿ."

ಹಾಗೇ ಹಾಕಿ ಬೆಂಗಳೂರಿನ ಪ್ರಕಾಶಕರಿಗೆ ಕಳಿಸಿದೆ. ಮೊದಲಿನ ಎರಡು ಪುಸ್ತಕಗಳನ್ನೂ ಅವರೇ ತಂದಿದ್ದು. ಹದಿನೈದು ದಿನ ಬಿಟ್ಟು ಅಲ್ಲಿಯ ಸಂಪಾದಕರು ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ.

"ಮೇಡಂ, ನೀವು ಮೊದಲು ಕಳಿಸಿದ್ದ ಕರಡಿನಲ್ಲಿ ಆ ಹುಡುಗ ಇದ್ದನಲ್ಲ, ಅವನು ಎಲ್ಲಿ ಹೋದ?"

"ಇದ್ದಾನೆ. ಗಂಜಿ ಕುಡಿಯೋಕೆ ಬರ್ತಾನೆ."

"ಅಲ್ಲ ಮೇಡಂ, ಪ್ರತಿರೋಧ ಅಂದಮೇಲೆ ಓದುಗರು ಒಬ್ಬ ನಾಯಕನನ್ನ ಹುಡುಕ್ತಾರೆ. ಅಡುಗೆಮನೆ ಕೆಲಸ ಪ್ರತಿರೋಧ ಅಂತ ಅನ್ನಿಸೋದಿಲ್ಲ. ಹಳೆ ಅಧ್ಯಾಯವನ್ನೇ ಇಟ್ಕೊಳ್ಳೋಣ. ಆ ತಲೆಬರಹವೂ ಬೇಡ, ಏನೋ ತಪ್ಪು ಮಾಡಿದವಳ ಹಾಗೆ ಕೇಳಿಸ್ತದೆ. ಇಷ್ಟು ಒಪ್ಪಿದ್ರೆ ಮಳೆಗಾಲದೊಳಗೆ ಪುಸ್ತಕ ತರ್ತೀವಿ. ಇಲ್ಲಾಂದ್ರೆ ಕಷ್ಟ."

ಯೋಚಿಸಿ ಹೇಳುತ್ತೇನೆ ಎಂದೆ. ನಿಜಕ್ಕೂ ಯೋಚಿಸಿದೆ. ಸುಳ್ಳು ಹೇಳಬಾರದು, ಎರಡು ದಿನ ಒಪ್ಪಿಬಿಡುವ ಮನಸ್ಸೇ ಇತ್ತು. ನನ್ನ ಪುಸ್ತಕಕ್ಕಾಗಿ ಮಾತ್ರವಲ್ಲ. ಇವರು ಬಿಟ್ಟರೆ ಬೇರೆ ಪ್ರಕಾಶಕರು ಓದಿ, ಒಪ್ಪಿ, ಅಚ್ಚು ಹಾಕುವುದಕ್ಕೆ ವರ್ಷಗಳೇ ಹಿಡಿಯಬಹುದು. ಅಜ್ಜಿಯ ಹತ್ತಿರ ವರ್ಷಗಳಿರಲಿಲ್ಲ. ಆ ಬೇಸಿಗೆಯಲ್ಲಿ ಅವರು ಜಗಲಿಯಿಂದ ಒಳಗೆ ಹೋಗಲೂ ಸೊಸೆಯ ಭುಜ ಹಿಡಿಯುತ್ತಿದ್ದರು. ಅರ್ಧ ಸರಿಯಿರುವ ಪುಸ್ತಕವಾದರೂ ಅವರ ಕೈಗೆ ಸಿಗಲಿ ಎಂದು ಒಮ್ಮೆ, ಸಿಕ್ಕರೆ ಅದರಲ್ಲಿ ಅವರ ಅವ್ವನೇ ಇರುವುದಿಲ್ಲವಲ್ಲ ಎಂದು ಒಮ್ಮೆ.

ಕಡೆಗೆ ಗುರುವಾರ ಹೋಗಿ ಅಜ್ಜಿಯನ್ನೇ ಕೇಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಆ ಜೈಲಿನವ ಮತ್ತೆ ಬಂದ್ನಾ?" ಎಂದರು ಅಜ್ಜಿ.

"ಅವನನ್ನ ಸೇರಿಸಿದ್ರೆ ಬೇಗ ಆಗ್ತದೆ ಅಂತಾರೆ ಅಜ್ಜಿ. ಇಲ್ಲಾಂದ್ರೆ ಯಾವಾಗ ಆಗ್ತದೋ ಗೊತ್ತಿಲ್ಲ. ನಿಮಗೆ..."

"ನಾನು ಸತ್ತುಹೋಗ್ತೀನಿ ಅಂತ ತಾನೆ? ಹೇಳು, ಬಾಯಿ ಸುಡೋದಿಲ್ಲ." ಅಜ್ಜಿ ಸೊಸೆಯ ಕಡೆ ತಿರುಗಿದರು. "ಕೇಳ್ದೇನೆ? ನಂಗೆ ಪುಸ್ತಕ ಬೇಕು ಅಂತ ನಮ್ಮವ್ವನ್ನ ಅವ್ನಿಗೆ ಕೊಟ್ಟುಬಿಡಬೇಕಂತೆ. ಅವತ್ತು ಗೋಣಿ ಹಿಡ್ಕೊಂಡು ಬಂದವ ಭತ್ತ ಕೇಳಿದ, ಇವ ಹೆಸರೇ ಕೇಳ್ತಾನೆ. ಅವನಿಗೆ ಕೊಡದೆ ಇದ್ದದ್ದು ಇವನಿಗೆ ಕೊಡ್ತೀವಾ?"

ಅವತ್ತು ಮಧ್ಯಾಹ್ನವೇ ಮನೆಗೆ ಬಂದು, ಸೀರೆ ಕೂಡ ಬದಲಿಸದೆ ಸಂಪಾದಕರಿಗೆ ಬರೆದೆ. ಅಧ್ಯಾಯವೂ ತಲೆಬರಹವೂ ಹಾಗೇ ಇರುತ್ತವೆ, ಅಡುಗೆಮನೆಯ ಕೆಲಸ ಪ್ರತಿರೋಧವೋ ಅಲ್ಲವೋ ಎಂದು ಎರಡು ಸೇರು ಭತ್ತ ನೆನೆಸಿ ನೋಡಿ ತಿಳಿಸಿ, ಬೇಕಿದ್ದರೆ ಭತ್ತ ನಾನೇ ಕಳಿಸುತ್ತೇನೆ ಎಂದು. ವಿಷಾದ ತಿಳಿಸಿ ಮೂರು ಸಾಲಿನ ಉತ್ತರ ಬಂತು. ಹಸ್ತಪ್ರತಿ ಈಗ ಇನ್ನೊಬ್ಬರ ಹತ್ತಿರ ಇದೆ. ಅವರು ಓದುತ್ತಿದ್ದಾರಂತೆ. ಓದಲಿ. ಅವರು ಬೇಡವೆಂದರೆ ಮತ್ತೊಬ್ಬರಿಗೆ ಕಳಿಸುತ್ತೇನೆ. ಒಂದು ಅಕ್ಷರ ಬದಲಾಗುವುದಿಲ್ಲ.

ಆದರೆ ಅಜ್ಜಿಯನ್ನು ಕಾಯಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಮರುವಾರ ಆ ಒಂದು ಅಧ್ಯಾಯವನ್ನು ಮಾತ್ರ ಮೂಡಿಗೆರೆ ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಗೆ ಒಯ್ದು ದೊಡ್ಡ ಅಕ್ಷರದಲ್ಲಿ ತೆಗೆಸಿದೆ. ಹದಿನಾಲ್ಕು ಪುಟ. ಹಸಿರು ರಟ್ಟಿನ ಹೊದಿಕೆ, ಮೇಲೆ "ಭತ್ತ ಕೆಡಿಸಿದವಳು", ಬದಿಗೆ ಪಿನ್ನು. ಮೂವತ್ತು ಪ್ರತಿ. "ಎಂತ ಅಕ್ಕಾ, ಕೃಷಿ ಇಲಾಖೆದಾ?" ಎಂದು ಅಂಗಡಿಯ ಹುಡುಗಿ ಕೇಳಿದಳು. ಹೌದೆಂದು ಅವಳಿಗೂ ಒಂದು ಕೊಟ್ಟೆ.

ಜಾವಳಿಯಲ್ಲಿ ಅಜ್ಜಿ ಹೇಳಿದ ಮನೆಗಳಿಗೆಲ್ಲ ಸೊಸೆಯೂ ನಾನೂ ನಡೆದುಕೊಂಡು ಹೋಗಿ ಹಂಚಿದೆವು. ವಾಪಸು ಬಂದು ಸೊಸೆ ಪೂರ್ತಿ ಓದಿ ಹೇಳಿದರು. ಅಜ್ಜಿ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು, ಪುಟ ಮುಗಿದಾಗಲೆಲ್ಲ ತಾವೇ ಮಗುಚುತ್ತಿದ್ದರು. ಓದಲು ಬಾರದಿದ್ದರೂ ಒಂದು ಪುಟದಲ್ಲಿ ನಿಲ್ಲಿಸಿ, ಇದು ಎಷ್ಟನೆಯದು ಎಂದು ಕೇಳಿಕೊಂಡರು.

ಕಾಫಿ ಕುಡಿಯುವ ಹೊತ್ತಿಗೆ ಮೇಲಿನ ಮನೆಯ ಯಜಮಾನರು ಅಂಗಳಕ್ಕೆ ಬಂದರು. ಐವತ್ತರ ಆಸುಪಾಸಿನವರು, ಊರಿನಲ್ಲಿ ಮಾತು ನಡೆಯುವ ಮನೆ. ಕೈಯಲ್ಲಿ ಹಸಿರು ಪುಸ್ತಕ ಸುತ್ತಿಕೊಂಡಿದ್ದರು. ನನಗೆ ನಮಸ್ಕಾರ ಮಾಡಿದ್ದು ಅರ್ಧಂಬರ್ಧ.

"ಎಂತದು ದೊಡ್ಡಮ್ಮ ಇದು? ಆಡ್ಕೊಳ್ಳೋ ಹೆಸರನ್ನ ಪ್ರಿಂಟೇ ಹಾಕ್ಸಿದ್ದೀರಲ್ಲ. ನಾಳೆ ಮಕ್ಕಳು ಮರಿ ನೋಡೋದಿಲ್ವಾ? ಮನೆತನದ ಮರ್ಯಾದೆ ಅಂತ ಒಂದು ಇಲ್ವಾ?"

"ಪೂರ್ತಿ ಓದಿದ್ಯನಾ?"

"ಮೇಲಿನ ಹೆಸರು ನೋಡಿದ್ದೇ ಇಲ್ಲಿಗೆ ಬಂದೆ."

ಅಜ್ಜಿ ಪಕ್ಕದ ಜಾಗ ಒರೆಸಿ ತೋರಿಸಿದರು. "ಕೂತ್ಕೊ. ಒಂಬತ್ತನೇ ಪುಟ ತೆಗಿ. ನಿನ್ನ ಅಜ್ಜಿ ಪಾತ್ರೆ ಹಿಡ್ಕೊಂಡು ಬಂದದ್ದು ಅಲ್ಲಿದೆ. ಹೆಸರು ಹಾಕಿಲ್ಲ, ಹೆದರಬೇಡ. ಗಟ್ಟಿಯಾಗಿ ಓದು, ನಂಗೆ ಕಿವಿ ಕಮ್ಮಿ."

ಅವರು ಕೂತರು. ಪುಟ ತೆರೆದರು.